ಬಾದಾಮಿಯಲ್ಲಿ ಬೀಡುಬಿಟ್ಟು ಗುಡ್ಡ ಸುತ್ತುವ ಬಗೆ

ನಮ್ಮ ಕಡೆಯ ಶಾಲೆಗಳಲ್ಲಿ ಸಹಲು ಎಂದರೆ ಮೋಟಾರಿನಲ್ಲಿ ಕುಳಿತು ಒಂದೇ ದಿನದಲ್ಲಿ ನಾಲ್ಕಾರು ಸ್ಥಳಗಳನ್ನು ಮುಟ್ಟಿ ಬರುವದೆಂದು ಅರ್ಥವಾಗಿಬಿಟ್ಟಿದೆ. ಬೆಳಿಗ್ಗೆ ಬಾದಾಮಿಯ ಗುಹೆಗಳು, ಮಧ್ಯಾಹ್ನಕ್ಕೆ ಬನಶಂಕರಿ, ಮೂರು ಗಂಟೆಗೆ ಪಟ್ಟದಕಲ್ಲು, ಹೊತ್ತು ಮುಳುಗುವದರೊಳಗಾಗಿ ಐಹೊಳೆ. ರಾತ್ರಿ ಮಕ್ಕಳನ್ನು ಕೇಳಿದರೆ ಯಾವ ಕಂಬ ಯಾವ ಊರಿನದೆಂಬದೂ ಅವರ ನೆನಪಿನಲ್ಲಿ ಉಳಿದಿರುವದಿಲ್ಲ. ಇದಕ್ಕೆ ಬದಲಾಗಿ ಒಂದೇ ಊರಿನಲ್ಲಿ ಮೂರು ನಾಲ್ಕು ದಿನ ಬೀಡುಬಿಟ್ಟು, ದಿನಕ್ಕೊಂದು ದಿಕ್ಕಿಗೆ ಕಾಲ್ನಡಿಗೆಯಿಂದ ಹೋಗಿ, ಸಂಜೆಗೆ ಅದೇ ಬೀಡಿಗೆ ಮರಳುವ ಕ್ರಮವೊಂದುಂಟು. ಗಂಟುಮೂಟೆಯನ್ನೆಲ್ಲ ಬೀಡಿನಲ್ಲಿಯೇ ಇಟ್ಟು ಹೋಗುವದರಿಂದ ಬೆನ್ನಿನ ಮೇಲೆ ಭಾರವಿರುವದಿಲ್ಲ. ಕಾಲು ಉಳುಕಿದವಳು ಮರುದಿನ ಉಳಿದುಕೊಳ್ಳಬಹುದು. ಒಂದು ದಿನ ಮಳೆ ಬಂದು ಕೆಟ್ಟರೆ ಉಳಿದ ದಿನಗಳು ಕೆಡುವದಿಲ್ಲ.

ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೂ ಅವರನ್ನು ಕರೆದುಕೊಂಡು ಹೋಗುವ ಉಪಾಧ್ಯಾಯಿನಿಯರಿಗೂ ಇಂಥ ಸಹಲನ್ನು ಗೊತ್ತುಮಾಡುವ ಬಗೆಯನ್ನು ತಿಳಿಸುವದೇ ಈ ಲೇಖನದ ಉದ್ದೇಶವು. ಹೆಣ್ಣುಮಕ್ಕಳನ್ನು ಗುಡ್ಡಕ್ಕೆ ಕಳಿಸಲು ಮನೆಯವರು ಹಿಂದೆಗೆಯುವದು ಇಂದಿಗೂ ಇದ್ದದ್ದೇ. ಅವರ ಅಂಜಿಕೆಯು ಬರಿಯ ಸುಳ್ಳೆಂದು ನಾನು ಹೇಳಲಾರೆನು. ಏಕೆಂದರೆ ಅದನ್ನು ಒಮ್ಮೆ ನಿಜಮಾಡಿ ತೋರಿಸಿದವಳು ನಾನೇ. ಆ ಸಂಗತಿಯನ್ನು ಮುಂದೆ ಹೇಳುವೆನು.

ಬೇವೂರಿನ ಕಡೆಯಿಂದ ಹೊರಟವರು ಬಾಗಲಕೋಟೆಗೆ ಬಂದರೆ ಅಲ್ಲಿಂದ ಬಾದಾಮಿಗೆ ಬಸ್ಸೂ ಉಂಟು, ರೈಲೂ ಉಂಟು. ರೈಲು ಗುಳೇದಗುಡ್ಡ ರೋಡು ನಿಲ್ದಾಣವನ್ನು ದಾಟಿ ಬಾದಾಮಿಗೆ ಬರುವದು. ಆದರೆ ನಿಲ್ದಾಣವು ಊರಿನಿಂದ ಸುಮಾರು 5 ಕಿಲೋಮೀಟರು ದೂರವಿದೆಯೆಂಬದನ್ನು ಮರೆಯತಕ್ಕದ್ದಲ್ಲ. ಮೂವತ್ತು ಮಂದಿಗೆ ಟಂಟಂಗಳನ್ನು ಮೊದಲೇ ಹೇಳಿಡದಿದ್ದರೆ ಸಹಲಿನ ಮೊದಲನೆಯ ಜಗಳವು ಅಲ್ಲಿಯೇ ಪ್ರಾರಂಭವಾಗುವದು. ಪುಷ್ಯಮಾಸದ ಬನದ ಹುಣ್ಣಿವೆಗೆ ಬನಶಂಕರಿಯ ಜಾತ್ರೆ ಕೂಡುತ್ತದೆ. ಆ ದಿನಗಳಲ್ಲಿ ಬಾದಾಮಿಯಲ್ಲಿ ಇಳಿದುಕೊಳ್ಳಲು ಕೋಣೆಯೂ ಸಿಗದು, ಬಸ್ಸಿನಲ್ಲಿ ಕಾಲಿಡಲು ಸ್ಥಳವೂ ಸಿಗದು. ಜಾತ್ರೆಯನ್ನು ನೋಡುವದಾದರೆ ಜಾತ್ರೆಗೆಂದೇ ಹೋಗಿರಿ. ಗುಡ್ಡಕ್ಕೆ ಬೇರೆ ವಾರವನ್ನು ಆರಿಸಿರಿ.

ಇನ್ನು ಗುಡ್ಡದ ಮಾತು. ನಮ್ಮ ಊರಿನ ಹೊಲದ ದಾರಿಗಳಲ್ಲಿ ನಡೆದು ಬೆಳೆದವರಿಗೆ ಒಂದು ರೂಢಿಯುಂಟು. ದೂರದಲ್ಲಿ ಊರ ಗುಡಿಯ ಶಿಖರವೋ ಅಗಸಿಯ ಬೇವಿನ ಮರವೋ ಕಂಡರೆ ಸಾಕು, ಬದುವಿನ ಮೇಲೆ ಹಾಯ್ದು ನೆಟ್ಟಗೆ ಊರು ಸೇರುತ್ತೇವೆ. ಕಂಡದ್ದನ್ನು ಮುಟ್ಟಬಹುದೆಂಬದು ಬಯಲುನಾಡಿನವರ ನಂಬಿಕೆ. ಬಾದಾಮಿಯಲ್ಲಿ ಈ ನಂಬಿಕೆಯನ್ನು ಬಿಟ್ಟುಬಿಡಬೇಕು. ಅಲ್ಲಿ ಕಂಡದ್ದೆಲ್ಲವನ್ನು ಮುಟ್ಟಲಾಗುವದಿಲ್ಲ.

ಇದರ ಕಾರಣವು ಕಲ್ಲಿನಲ್ಲಿದೆ. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಭೂಗರ್ಭಶಾಸ್ತ್ರಜ್ಞರು ಇವುಗಳನ್ನು ಕಲಾದಗಿಯ ಹೆಸರಿನ ಶಿಲಾಸಮೂಹದಲ್ಲಿ ಸೇರಿಸುತ್ತಾರೆ; ರಾಬರ್ಟ್ ಬ್ರೂಸ್ ಫೂಟ್ ಎಂಬವರು 1876ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ನಾಡಿನ ಶಿಲೆಗಳನ್ನು ವಿಸ್ತಾರವಾಗಿ ವರ್ಣಿಸಿದರು. ಪ್ರಾಣಿಗಳು ಇನ್ನೂ ನೆಲದ ಮೇಲೆ ಕಾಲಿಡದಿದ್ದ ಕಾಲದಲ್ಲಿ ನೀರು ತಂದು ಹಾಸಿದ ಮರಳು ಇಲ್ಲಿ ಗಟ್ಟಿಯಾಗಿ ಕಲ್ಲಾಗಿದೆ. ಅದರ ಪದರುಗಳು ಜಮಖಾನೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಹೆಚ್ಚುಕಡಿಮೆ ಸಮವಾಗಿ ಮಲಗಿವೆ. ಮತ್ತು ಅವುಗಳನ್ನು ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಸೀಳುವ ಬಿರುಕುಗಳಿವೆ. ಮಳೆಯ ನೀರು ಆ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಸಡಿಲಿಸುತ್ತದೆ. ಕಾಲಾಂತರದಲ್ಲಿ ದೊಡ್ಡ ದೊಡ್ಡ ತುಂಡುಗಳು ಕಳಚಿ ಬೀಳುತ್ತವೆ. ಆದಕಾರಣ ಈ ಗುಡ್ಡಗಳು ನಂದಿಯ ಬೆಟ್ಟದಂತೆ ದುಂಡಾಗಿ ಇಳಿಯದೆ ಗೋಡೆಯಂತೆ ನಿಂತಿವೆ. ಮೇಲೆ ಹೋದರೆ ಮಾಳಿಗೆಯ ಮನೆಯ ಮೇಲ್ಮುದ್ದೆಯಂಥ ಬಯಲು; ಅಂಚಿಗೆ ಬಂದರೆ ಕಡಿದಾದ ಪ್ರಪಾತ. ಹತ್ತುವದೂ ಇಳಿಯುವದೂ ಬಿರುಕು ಅಗಲವಾಗಿ ಕಲ್ಲುರಾಶಿಯಿಂದ ತುಂಬಿದ ಕೆಲವೇ ಕಿಂಡಿಗಳಲ್ಲಿ ಮಾತ್ರ ಸಾಧ್ಯವು.

ಚಾಲುಕ್ಯರಿಗೆ ಈ ಊರು ಹಿಡಿಸಿದ್ದು ಇದೇ ಗುಣದಿಂದ. ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಅಂದರೆ ಕ್ರಿಸ್ತಶಕ 543ರಲ್ಲಿ, ವಾತಾಪಿಯ ಗುಡ್ಡವನ್ನು ದುರ್ಗಮವಾದ ಕೋಟೆಯನ್ನಾಗಿ ಮಾಡಿದನೆಂದು ಉತ್ತರದ ಗುಡ್ಡದ ಬಂಡೆಯೊಂದರ ಮೇಲಿನ ಶಾಸನವು ಹೇಳುತ್ತದೆ. ಗೋಡೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ಅರಸನು ಕಿಂಡಿಗಳನ್ನು ಕಾಯ್ದುಕೊಂಡರೆ ಸಾಕಾಗಿತ್ತು. ಶತ್ರುಗಳನ್ನು ತಡೆದ ಆ ಗೋಡೆಯು ಸಂಜೆಯ ಹೊತ್ತಿನಲ್ಲಿ ದಾರಿ ತಪ್ಪಿದ ಶಾಲೆಯ ಮಕ್ಕಳನ್ನು ಬಿಟ್ಟೀತೆ?

ಈಗ ನನ್ನ ತಪ್ಪನ್ನು ಹೇಳುವೆನು. ಕೆಲವು ವರುಷಗಳ ಹಿಂದೆ ಡಿಸೆಂಬರ ತಿಂಗಳಲ್ಲಿ ಇಪ್ಪತ್ತೆರಡು ಮಂದಿ ಹುಡುಗಿಯರನ್ನು ಕರೆದುಕೊಂಡು ಸಿಡಿಲಪಡಿಗೆ ಹೊರಟೆನು. ಅದು ಊರಿನಿಂದ ಸುಮಾರು 4 ಕಿಲೋಮೀಟರು ದೂರದಲ್ಲಿ ಗುಡ್ಡದ ಮೇಲ್ಬಯಲಿನ ಕಲ್ಲಾಸರೆ. ಬಂಡೆಗಳ ಮೇಲೆ ಸೇತುವೆಯಂತೆ ಒರಗಿದ ಬಂಡೆಯೂ, ಇತಿಹಾಸಕ್ಕಿಂತ ಹಿಂದಿನ ಮನುಷ್ಯರು ಬರೆದ ಚಿತ್ರಗಳೂ ಅಲ್ಲಿವೆ. ನಾಲ್ಕು ಕಿಲೋಮೀಟರು ಯಾವ ಮಹಾ ದೂರ ಎಂದುಕೊಂಡೆನು. ಉಪ್ಪಿಟ್ಟು ತಡವಾಯಿತು, ಬುತ್ತಿ ಕಟ್ಟುವದು ತಡವಾಯಿತು, ಹೊರಡುವಾಗ ಹತ್ತೂವರೆ. ಹೋಗುವಾಗ ಒಬ್ಬಳಿಗೆ ತಲೆ ಸುತ್ತಿ ಬಂದು ಮುಕ್ಕಾಲು ತಾಸು ನೆರಳಿನಲ್ಲಿ ಕುಳಿತೆವು. ಚಿತ್ರಗಳನ್ನು ನೋಡಿ, ಉಂಡು, ಹಾಡಿ ಎದ್ದಾಗ ನಾಲ್ಕೂವರೆಯಾಗಿತ್ತು. ಬರುವಾಗ ಹತ್ತಿ ಬಂದ ಕಿಂಡಿಯ ಗುರುತು ಸಿಗಲಿಲ್ಲ. ಎಲ್ಲ ಬಂಡೆಗಳೂ ಒಂದೇ ತೆರನಾಗಿ ಕಂಡವು. ಆರು ಗಂಟೆಗೆ ಗುಡ್ಡದ ಅಂಚಿಗೆ ಬಂದು ನಿಂತಾಗ ನಮ್ಮ ಕಾಲಕೆಳಗೇ ಅಗಸ್ತ್ಯತೀರ್ಥವಿತ್ತು, ಅದರಾಚೆ ಊರಿನಲ್ಲಿ ಒಂದೊಂದಾಗಿ ದೀಪಗಳು ಹತ್ತುತ್ತಿದ್ದವು, ಬಟ್ಟೆ ಒಗೆಯುವ ಸಪ್ಪಳವೂ ಕೇಳುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಸಮೀಪ. ಆದರೆ ಇಳಿಯಲು ದಾರಿಯಿಲ್ಲ. ಮೋಬೈಲಿನ ನಕಾಶೆಯನ್ನು ತೆಗೆದು ನೋಡಿದೆನು. ಮುನ್ನೂರು ಮೀಟರು ಎಂದು ಅದು ತೋರಿಸುತ್ತಿತ್ತು. ಸಣ್ಣ ಹುಡುಗಿಯೊಬ್ಬಳು ಅಳತೊಡಗಿದಳು. ದೊಡ್ಡವರು ಸುಮ್ಮನಾದರು, ನನಗೆ ಅದೇ ಹೆಚ್ಚು ಅಂಜಿಕೆಯನ್ನುಂಟುಮಾಡಿತು.

ನಮ್ಮ ದೈವಕ್ಕೆ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಆ ದಾರಿಯಲ್ಲಿ ಬಂದಳು. “ಇಲ್ಲಿಂದ ಇಳಿಯಾಕ ಬರಂಗಿಲ್ರೀ ಅಕ್ಕೋರ, ಕಿಂಡಿ ಹಿಂದ ಉಳೀತು” ಎಂದಳು. ಹೊರೆಯನ್ನು ಇಳಿಸದೆ ಹಿಂದಕ್ಕೆ ತಿರುಗಿ ನಮ್ಮನ್ನು ನಡೆಸಿಕೊಂಡು ಹೋಗಿ, ಕತ್ತಲಲ್ಲಿ ಒಬ್ಬೊಬ್ಬರನ್ನಾಗಿ ಕಲ್ಲು ತೋರಿಸುತ್ತ ಇಳಿಸಿದಳು. ಊರು ಸೇರಿದಾಗ ಎಂಟಕ್ಕೆ ಕಾಲು ತಾಸು ಕಡಿಮೆ. ಅಷ್ಟರಲ್ಲಿ ಯಾರೋ ಮನೆಗೆ ಸುದ್ದಿ ಮುಟ್ಟಿಸಿದ್ದರು. ಮುಂದಿನ ಎರಡು ವರುಷ ಗುಡ್ಡದ ಸಹಲಿಗೆ ಅನುಮತಿ ದೊರೆಯಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ. ಆ ಎರಡು ವರುಷಗಳಲ್ಲಿ ಗುಡ್ಡವನ್ನು ಕಾಣದೆ ಶಾಲೆ ಮುಗಿಸಿ ಹೋದ ಹುಡುಗಿಯರ ಋಣವು ನನ್ನ ಮೇಲಿದೆ.

ಆ ರಾತ್ರಿಯಿಂದ ನಾನು ಕಲಿತದ್ದು ಇಷ್ಟು. ಸಹಲಿನ ಯೋಜನೆಯೆಂದರೆ ಹೋಗುವದರ ಯೋಜನೆಯಲ್ಲ, ಮರಳುವದರ ಯೋಜನೆಯು. ಲೆಕ್ಕವನ್ನು ಸಂಜೆಯಿಂದ ಬೆಳಗಿನ ಕಡೆಗೆ ಹಿಂದುಮುಂದಾಗಿ ಮಾಡಬೇಕು.

ಸ್ಕಾಟ್ಲಂಡಿನ ನೇಸ್ಮಿತ್ ಎಂಬ ಪರ್ವತಾರೋಹಿಯು 1892ರಲ್ಲಿ ಒಂದು ನಿಯಮವನ್ನು ಹಾಕಿಕೊಟ್ಟನು. ಮೂರು ಮೈಲಿಗೆ ಒಂದು ತಾಸು, ಅದರ ಮೇಲೆ 2000 ಫೂಟು ಏರಿಗೆ ಇನ್ನೊಂದು ತಾಸು ಎಂದು ಹಿಡಿಯತಕ್ಕದ್ದು. ನಮ್ಮ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ತಾಸು, 600 ಮೀಟರು ಏರಿಗೆ ಒಂದು ತಾಸು ಎಂದಾಗುವದು. ಈ ನಿಯಮವು ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ನಡೆದು ರೂಢಿಯಾದ ಗಟ್ಟಿಯಾಳುಗಳಿಗೆ, ತಂಪಾದ ದೇಶಕ್ಕೆ ಹೇಳಿದ ಮಾತು; ಅದರಲ್ಲಿ ದಣಿವಾರಿಸಿಕೊಳ್ಳುವದಕ್ಕೂ ಚಪ್ಪಲಿಯ ಬಾರು ಹರಿದದ್ದಕ್ಕೂ ಹೊತ್ತನ್ನು ಹಿಡಿದಿಲ್ಲ. ಸಿಡಿಲಪಡಿಯ ದಾರಿಗೆ ಆ ನಿಯಮದಂತೆ ಏರು ನೂರೈವತ್ತು ಮೀಟರು ಎಂದು ಇಟ್ಟುಕೊಂಡರೂ ಒಂದು ತಾಸು ಐದು ಮಿನಿಟಿನೊಳಗೆ ಮುಟ್ಟಬೇಕಾಗುತ್ತದೆ. ಇಪ್ಪತ್ತೆರಡು ಹುಡುಗಿಯರೊಡನೆ ಅದು ಎರಡು ತಾಸಿನ ದಾರಿ. ಮಂದಿ ಹೆಚ್ಚಾದಷ್ಟು ನಡಿಗೆ ಸಾವಕಾಶವಾಗುವದು. ಒಂದು ಇಕ್ಕಟ್ಟಾದ ಕಲ್ಲಿನ ಮೇಲೆ ಒಬ್ಬೊಬ್ಬಳು ಅರ್ಧ ಮಿನಿಟು ನಿಂತರೆ ಕೊನೆಯವಳು ದಾಟುವಷ್ಟರಲ್ಲಿ ಹನ್ನೊಂದು ಮಿನಿಟು ಹೋಗಿರುತ್ತದೆ.

ಆದ್ದರಿಂದ ಹೀಗೆ ಲೆಕ್ಕ ಹಾಕಿರಿ. ಡಿಸೆಂಬರದಲ್ಲಿ ನಮ್ಮ ಕಡೆಗೆ ಸೂರ್ಯನು ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ನಮ್ಮ ದೇಶದಲ್ಲಿ ಸಂಜೆಗತ್ತಲೆಗೆ ಆಯುಷ್ಯ ಕಡಿಮೆ, ಅರ್ಧ ತಾಸಿನೊಳಗೆ ಕಾಲಕೆಳಗಿನ ಕಲ್ಲು ಕಾಣದು. ಆರರಿಂದ ಎರಡು ತಾಸು ಹಿಂದಕ್ಕೆ ಬನ್ನಿರಿ. ಈ ಎರಡು ತಾಸು ಯಾರಿಗೂ ಸೇರಿದ್ದಲ್ಲ, ಉಳುಕಿದ ಕಾಲಿಗೂ ತಪ್ಪಿದ ದಾರಿಗೂ ತೆಗೆದಿಟ್ಟದ್ದು. ಅಂದರೆ ನಾಲ್ಕಕ್ಕೆ ಊರಿನಲ್ಲಿರಬೇಕು. ನಡಿಗೆಗೆ ಎರಡು ತಾಸು ಕಳೆದರೆ ಎರಡು ಗಂಟೆ. ಇದೇ ಮರಳುವ ಗಂಟೆ. ಗುರಿ ಮುಟ್ಟಿರಲಿ ಬಿಟ್ಟಿರಲಿ, ಎರಡು ಹೊಡೆದ ಕೂಡಲೆ ಮುಖವನ್ನು ಊರಿನ ಕಡೆಗೆ ತಿರುಗಿಸಬೇಕು. ಬೆಳಿಗ್ಗೆ ಏಳಕ್ಕೆ ಹೊರಟವರು ಒಂಬತ್ತಕ್ಕೆ ಸಿಡಿಲಪಡಿಯಲ್ಲಿರುವರು. ಅವರಿಗೆ ಚಿತ್ರ ನೋಡುವದಕ್ಕೂ ಹಾಡುವದಕ್ಕೂ ಐದು ತಾಸುಗಳು ಮಿಕ್ಕುವವು. ಹತ್ತೂವರೆಗೆ ಹೊರಟ ನನಗೆ ಒಂದೂವರೆ ತಾಸೂ ಉಳಿದಿರಲಿಲ್ಲ. ನಾನು ಅದನ್ನು ಲೆಕ್ಕಿಸಿಯೂ ಇರಲಿಲ್ಲ. ಮರಳುವ ಗಂಟೆಯನ್ನು ಹಿಂದಿನ ರಾತ್ರಿಯೇ ಎಲ್ಲರೆದುರಿಗೆ ಹೇಳಿ, ಹುಡುಗಿಯರಲ್ಲಿ ಒಬ್ಬಳ ಕೈಗೆ ಗಡಿಯಾರವನ್ನು ಕೊಟ್ಟು, ಅವಳ ಮಾತನ್ನು ಉಪಾಧ್ಯಾಯಿನಿಯೂ ಮೀರಬಾರದೆಂದು ಗೊತ್ತುಮಾಡುವದು ಒಳ್ಳೆಯದು. ಹಿರಿಯರಿಗೆ “ಇನ್ನೂ ಹತ್ತು ಮಿನಿಟು” ಎನ್ನುವ ಚಟ ಹೆಚ್ಚು.

ಕಿಂಡಿಯ ಗುರುತಿನ ಬಗ್ಗೆ ಒಂದು ಸಣ್ಣ ಉಪಾಯ. ಮೇಲೆ ಹತ್ತಿದ ಕೂಡಲೆ ಎಲ್ಲರೂ ನಿಂತು, ಬಂದ ದಾರಿಯ ಕಡೆಗೆ ತಿರುಗಿ ನೋಡಬೇಕು. ಹೋಗುವಾಗ ಕಾಣುವ ಬಂಡೆಯ ಮುಖವೇ ಬೇರೆ, ಬರುವಾಗ ಕಾಣುವದೇ ಬೇರೆ. ಪ್ರತಿಯೊಬ್ಬಳೂ ಒಂದೊಂದು ಗುರುತನ್ನು ಹೇಳಲಿ: ಒಬ್ಬಳು ಕತ್ತಾಳೆಯ ಮೆಳೆ ಎನ್ನುವಳು, ಇನ್ನೊಬ್ಬಳು ಆನೆಯ ತಲೆಯಂಥ ಗುಂಡು ಎನ್ನುವಳು. ಬಂಡೆಯ ಮೇಲೆ ಸುಣ್ಣದಿಂದಲೋ ಬಣ್ಣದಿಂದಲೋ ಬರೆಯಕೂಡದು. ಸಾವಿರಾರು ವರುಷಗಳ ಹಿಂದಿನ ಚಿತ್ರಗಳ ಪಕ್ಕದಲ್ಲಿ ಹೆಸರುಗಳನ್ನು ಕೊರೆದ ಜಾಣರನ್ನು ಕಂಡು ನನಗೆ ಬಹಳ ನಾಚಿಕೆಯಾಗಿದೆ.

ದಾರಿಯನ್ನು ಕೇಳುವದೂ ಒಂದು ವಿದ್ಯೆಯೇ. “ಎಷ್ಟು ದೂರ?” ಎಂದು ಎಂದಿಗೂ ಕೇಳಬೇಡಿರಿ. “ಇಲ್ಲೇ ಐತ್ರೀ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಆ ಇಲ್ಲೇ ಎಂಬದು ಒಂದು ಕೂಗಳತೆಯಿಂದ ಒಂದು ಹರದಾರಿಯವರೆಗೆ ಎಷ್ಟಾದರೂ ಆಗಬಹುದು. ಹೇಳುವವನು ಸುಳ್ಳನಲ್ಲ, ದಣಿದವರಿಗೆ ಧೈರ್ಯ ಹೇಳುವದು ನಮ್ಮ ನಾಡಿನ ಮರ್ಯಾದೆ. ಅದರ ಬದಲು “ನೀವು ಯಾವಾಗ ಮನೆ ಬಿಡತೀರಿ, ಯಾವಾಗ ಮುಟ್ಟತೀರಿ?” ಎಂದು ಕೇಳಿರಿ, “ಹಾದಿಯಲ್ಲಿ ನೀರು ಎಲ್ಲಿ ಕುಡಿಯುತ್ತೀರಿ?” ಎಂದು ಕೇಳಿರಿ. ಕಟ್ಟಿಗೆಯವರೂ ಆಡು ಕಾಯುವವರೂ ಕೊಡುವ ಉತ್ತರಕ್ಕೆ ಒಂದೂವರೆ ಪಾಲು ಸೇರಿಸಿದರೆ ನಮ್ಮ ಲೆಕ್ಕ ಸಿಗುವದು. ಇವರಲ್ಲಿ ಒಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದೊಯ್ಯುವದು ಎಲ್ಲಕ್ಕಿಂತ ಉತ್ತಮ. ಹೆಣ್ಣುಮಕ್ಕಳ ಗುಂಪಿಗೆ ಹೆಣ್ಣುಮಗಳೇ ದಾರಿ ತೋರಿಸುವವಳಾಗಿ ದೊರೆತರೆ ಮನೆಯವರ ಮನಸ್ಸೂ ಹಗುರಾಗುವದು.

ನೀರಿನ ವಿಷಯದಲ್ಲಿ ಪುಸ್ತಕಗಳಲ್ಲಿ ಬರೆಯದ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅರ್ಧ ದಿನದ ನಡಿಗೆಗೆ ತಲೆಗೆ ಎರಡು ಲೀಟರು ನೀರು ಬೇಕೆಂದು ಎಲ್ಲರೂ ಹೇಳುತ್ತಾರೆ, ನಾವೂ ಹೊರಿಸುತ್ತೇವೆ. ಆದರೆ ಹುಡುಗಿಯರು ಕುಡಿಯುವದಿಲ್ಲ. ಗುಡ್ಡದ ಮೇಲೆ ಬಹಿರ್ದೆಸೆಗೆ ಮರೆಯಾದ ಸ್ಥಳ ಸಿಗದೆಂಬ ಅಂಜಿಕೆಯಿಂದ ಅವರು ಬೆಳಗಿನಿಂದಲೇ ಬಾಯಿ ಕಟ್ಟಿರುತ್ತಾರೆ. ತಿಂಗಳ ಹೊರಗಿನ ದಿನಗಳಾಗಿದ್ದರಂತೂ ಕೇಳುವದೇ ಬೇಡ. ಸಿಡಿಲಪಡಿಯ ದಾರಿಯಲ್ಲಿ ತಲೆ ಸುತ್ತಿ ಬಿದ್ದವಳ ಚೀಲದಲ್ಲಿ ಎರಡು ಲೀಟರು ನೀರು ತುಂಬಿದಂತೆಯೇ ಇತ್ತು. ಅವಳು ಮಧ್ಯಾಹ್ನದವರೆಗೆ ಒಂದು ಗುಟುಕನ್ನೂ ನುಂಗಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಆದ್ದರಿಂದ ದಾರಿಯನ್ನು ಗೊತ್ತುಮಾಡುವಾಗಲೇ ತಾಸಿಗೊಮ್ಮೆ ನಿಲ್ಲುವ ಸ್ಥಳಗಳನ್ನು ಆರಿಸಿ, ಎರಡು ಹಳೆಯ ಸೀರೆಗಳನ್ನೂ ಒಂದು ಸಣ್ಣ ಗುದ್ದಲಿಯನ್ನೂ ಕಾಗದದ ಚೀಲಗಳನ್ನೂ ಜೊತೆಗೆ ಒಯ್ಯಬೇಕು. ನಾಲ್ವರು ಸೀರೆಯನ್ನು ಹಿಡಿದರೆ ಮರೆಯಾಗುವದು. ಇದನ್ನು ಹೊರಡುವ ಹಿಂದಿನ ದಿನವೇ ಹುಡುಗಿಯರಿಗೆ ಬಾಯಿ ಬಿಟ್ಟು ಹೇಳಿದರೆ ಮರುದಿನ ಅವರು ತಾವಾಗಿಯೇ ನೀರು ಕುಡಿಯುವರು. ಗುಡ್ಡದ ಮೇಲಿನ ದೊಣೆಗಳ ನೀರನ್ನು ಮಾತ್ರ ಮುಟ್ಟತಕ್ಕದ್ದಲ್ಲ. ಅದು ಮಂಗಗಳ ಪಾಲಿನದು.

ಬೀಡಿನಿಂದ ಯಾವ ದಿನ ಯಾವ ಕಡೆಗೆ ಹೋಗಬೇಕೆಂಬದಕ್ಕೆ ನನ್ನ ಅಭಿಪ್ರಾಯವಿಷ್ಟು. ಮೊದಲನೆಯ ದಿನ ಊರನ್ನು ಬಿಟ್ಟು ಹೋಗಬಾರದು. ಬೆಳಿಗ್ಗೆ ಕೆರೆಯ ದಕ್ಷಿಣಕ್ಕಿರುವ ಗುಹೆಗಳನ್ನು ನೋಡಬೇಕು. ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿಸ್ತಶಕ 578ರ ಶಾಸನವಿದೆ. ಎರಡನೆಯ ಮೂರನೆಯ ಗುಹೆಗಳ ನಡುವಿನಿಂದ ದಕ್ಷಿಣದ ಕೋಟೆಗೆ ಏರುವ ಮೆಟ್ಟಿಲುಗಳಿಗೆ ಬಾಗಿಲು ಹಾಕಿರುವದರಿಂದ ಅದನ್ನು ಲೆಕ್ಕದಲ್ಲಿ ಹಿಡಿಯಬಾರದು. ಮಧ್ಯಾಹ್ನ ಬಿಸಿಲಿಳಿದ ಮೇಲೆ ಬಾವನ್ ಬಂಡೆ ಕೋಟೆಯೆಂದು ಹೆಸರಾದ ಉತ್ತರದ ಗುಡ್ಡವನ್ನು ಹತ್ತಿ, ಕೆಳಗಿನ ಮತ್ತು ಮೇಲಿನ ಶಿವಾಲಯಗಳನ್ನು ನೋಡಿ ಬರಬೇಕು. ಎರಡು ಬಂಡೆಗಳ ನಡುವೆ ಓಣಿಯಂತೆ ಹೋಗುವ ಆ ದಾರಿಯಲ್ಲಿ ನಡೆದಾಗಲೇ ಕಿಂಡಿಯೆಂದರೇನೆಂಬದು ಹುಡುಗಿಯರಿಗೆ ತಿಳಿಯುವದು. ಈ ಮೊದಲ ದಿನವು ಉಪಾಧ್ಯಾಯಿನಿಗೆ ಪರೀಕ್ಷೆಯ ದಿನ: ಯಾರ ಚಪ್ಪಲಿ ಕಚ್ಚುತ್ತದೆ, ಯಾರಿಗೆ ಎತ್ತರದ ಅಂಜಿಕೆಯುಂಟು, ಯಾರಿಗೆ ಉಸಿರು ಹತ್ತುತ್ತದೆ ಎಂಬದನ್ನೆಲ್ಲ ನೋಡಿಟ್ಟುಕೊಳ್ಳಬೇಕು. ಎಲ್ಲರಿಗಿಂತ ಸಾವಕಾಶವಾಗಿ ನಡೆಯುವವಳನ್ನು ಮರುದಿನ ಮುಂದೆ ನಿಲ್ಲಿಸತಕ್ಕದ್ದು. ಅವಳ ಹೆಜ್ಜೆಯೇ ಎಲ್ಲರ ಹೆಜ್ಜೆ. ಹಿಂದೆ ಬಿಟ್ಟರೆ ಅವಳು ಬಂದು ಮುಟ್ಟುವಷ್ಟರಲ್ಲಿ ಮುಂದಿನವರು ದಣಿವಾರಿಸಿಕೊಂಡು ಎದ್ದಿರುತ್ತಾರೆ. ಎಲ್ಲರಿಗಿಂತ ಹೆಚ್ಚು ದಣಿದವಳಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ ಎಂದಾಗುವದು.

ಎರಡನೆಯ ದಿನಕ್ಕೆ ಸಿಡಿಲಪಡಿ. ಅದರ ಮಾತನ್ನು ಆಡಿ ಆಯಿತು. ಸಂಜೆಗೆ ಕಾಲಿನಲ್ಲಿ ಕಸುವು ಉಳಿದಿದ್ದರೆ ಕೆರೆಯ ಪೂರ್ವದ ತುದಿಯ ಭೂತನಾಥ ದೇವಾಲಯಕ್ಕೆ ಹೋಗಬಹುದು. ಆ ಬದಿಯ ಬಂಡೆಯಲ್ಲಿಯೇ ತ್ರಿಪದಿಯಲ್ಲಿ ಬರೆದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ತ್ರಿಪದಿಯು ಎಷ್ಟು ಹಳೆಯದೆಂಬದಕ್ಕೆ ಆ ಬಂಡೆಯೇ ಸಾಕ್ಷಿ.

ಮೂರನೆಯ ದಿನ ಮಹಾಕೂಟ. ನನ್ನ ಮಟ್ಟಿಗೆ ಇಡೀ ಸಹಲಿನ ತಿರುಳು ಇದೇ. ರಸ್ತೆಯಿಂದ ಹೋದರೆ ಸುಮಾರು 14 ಕಿಲೋಮೀಟರಾಗುವ ಈ ಕ್ಷೇತ್ರವು ಗುಡ್ಡದ ಮೇಲಿನ ಹಳೆಯ ಕಾಲುದಾರಿಯಿಂದ ಸುಮಾರು 5 ಕಿಲೋಮೀಟರು ಮಾತ್ರ. ಹಿರಿಯರು ಒಂದು ಹರದಾರಿ ಎನ್ನುತ್ತಾರೆ. ಚಾಲುಕ್ಯ ಅರಸರು ನಡೆದುಕೊಂಡ ಮಹಾಕೂಟೇಶ್ವರನ ಸನ್ನಿಧಿಗೆ ಸಾಮಾನ್ಯ ಯಾತ್ರಿಕರು ತಲೆತಲಾಂತರದಿಂದ ಹೀಗೆಯೇ ಗುಡ್ಡ ದಾಟಿ ಬಂದಿದ್ದಾರೆ. ಈ ದಾರಿಯನ್ನು ಬಾದಾಮಿಯಿಂದ ಮಹಾಕೂಟದ ಕಡೆಗೆ ಒಂದೇ ಮುಖವಾಗಿ ನಡೆಯಬೇಕು, ಹಿಂದಿರುಗುವದು ವಾಹನದಿಂದ. ಅದರ ಕಾರಣವು ಸ್ಪಷ್ಟವಿದೆ. ಏರು ಬೆಳಗಿನ ತಂಪಿನಲ್ಲಿ ಮುಗಿಯುತ್ತದೆ. ಬಿಸಿಲೇರುವಾಗ ನಾವು ಮರಗಳ ನೆರಳಿಗೆ, ವರುಷವೆಲ್ಲ ಬತ್ತದ ಬುಗ್ಗೆಯ ನೀರಿನ ಪುಷ್ಕರಣಿಗೆ ಇಳಿಯುತ್ತೇವೆ. ಯಾರಿಗಾದರೂ ನಡೆಯಲಾಗದಿದ್ದರೆ ರಸ್ತೆಯು ನಮ್ಮೆದುರಿಗಿರುತ್ತದೆಯೇ ಹೊರತು ಬೆನ್ನ ಹಿಂದಲ್ಲ. ನಡೆಯಲಾರದ ಹುಡುಗಿಯರನ್ನೂ ಬುತ್ತಿಯ ಬುಟ್ಟಿಗಳನ್ನೂ ಒಬ್ಬ ಉಪಾಧ್ಯಾಯಿನಿಯೊಡನೆ ವಾಹನದಲ್ಲಿ ಮುಂದಾಗಿ ಕಳಿಸಿದರೆ ಎಲ್ಲರೂ ಅಲ್ಲಿ ಕೂಡಿ ಉಣ್ಣಬಹುದು. ಸಹಲಿನಿಂದ ಯಾರೂ ಹೊರಗಾಗುವದಿಲ್ಲ. ಪುಷ್ಕರಣಿಯಲ್ಲಿ ಈಜುವ ಆಸೆ ಎಲ್ಲರಿಗೂ ಹುಟ್ಟುವದು. ಈಜು ಬಾರದವರು ಮೆಟ್ಟಿಲ ಮೇಲೆ ಕುಳಿತು ಕಾಲು ತೋಯಿಸಿಕೊಂಡರೆ ಸಾಕು.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿಗಿಂತ ಉತ್ತಮವಾದದ್ದನ್ನು ನಾನು ಕಾಣೆ. ಅವು ಹಳಸುವದೂ ಇಲ್ಲ, ಚೆಲ್ಲುವದೂ ಇಲ್ಲ. ಮರಳುವಾಗ ಬನಶಂಕರಿಯಲ್ಲಿ ಇಳಿದರೆ ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರುಗಳನ್ನು ಇಟ್ಟುಕೊಂಡು ಮಾರುವ ಅಮ್ಮಂದಿರಿದ್ದಾರೆ. ಅವರು ಬಡಿಸುವ ಊಟವನ್ನು ತಪ್ಪಿಸಿಕೊಳ್ಳುವದು ಮೂರ್ಖತನ.

ನಾಲ್ಕನೆಯ ದಿನ ಉಳಿದರೆ ವಾಹನದಿಂದ ಪಟ್ಟದಕಲ್ಲು, ಐಹೊಳೆಗಳನ್ನು ನೋಡಬಹುದು. ಐಹೊಳೆಯಲ್ಲಿ ಹತ್ತತಕ್ಕ ಗುಡ್ಡವೊಂದಿದೆ, ಮೇಗುತಿ. ರವಿಕೀರ್ತಿಯ ಕ್ರಿಸ್ತಶಕ 634ರ ಶಾಸನವು ಅದರ ಮೇಲಿನ ಜೈನ ದೇವಾಲಯದ ಗೋಡೆಯಲ್ಲಿದೆ. ಅದು ಅರ್ಧ ತಾಸಿನ ಸುಲಭವಾದ ಏರು.

ಕಾಲದ ವಿಷಯದಲ್ಲಿ ನವೆಂಬರದಿಂದ ಫೆಬ್ರುವರಿಯವರೆಗಿನ ದಿನಗಳೇ ಯೋಗ್ಯವಾದವು. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಕಲ್ಲು ಹೆಂಚಿನಂತೆ ಕಾಯುವದು. ಮಳೆಗಾಲದಲ್ಲಿ ಅಕ್ಕ–ತಂಗಿ ಎಂಬ ಜೋಡಿ ಜಲಧಾರೆಗಳು ಕೆರೆಯ ಮೇಲಿನ ಬಂಡೆಯಿಂದ ಬೀಳುವ ನೋಟವು ಬಹು ರಮ್ಯವಾದದ್ದು ನಿಜ. ಆದರೆ ನೀರಿಗೂ ಇಳಿಯಲು ಆ ಕಿಂಡಿಗಳೇ ದಾರಿಯಾದ್ದರಿಂದ ಆಗ ಗುಡ್ಡ ಹತ್ತದೆ ಕೆಳಗೆ ನಿಂತೇ ನೋಡುವದು ಲೇಸು. ಗುಡುಗಿನ ಸಪ್ಪಳ ಕೇಳಿದ ಕೂಡಲೆ ಮೇಲ್ಬಯಲನ್ನು ಬಿಟ್ಟು ಇಳಿಯತಕ್ಕದ್ದು. ಚಾಚಿದ ಬಂಡೆಯ ಬಾಯಲ್ಲಿ ಆಸರೆ ಪಡೆಯುವದು ಸಿಡಿಲಿನ ಮಟ್ಟಿಗೆ ಆಸರೆಯಲ್ಲ. ಸಿಡಿಲಪಡಿಯ ಹೆಸರಿನಲ್ಲಿಯೇ ಸಿಡಿಲಿದೆಯೆಂಬದನ್ನು ನೆನೆಯಬೇಕು. ಕಡಿಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಹೊಗೆ, ಸುಗಂಧ, ಗದ್ದಲ ಮೂರೂ ಕೂಡದು. ಮಂಗಗಳ ಮುಂದೆ ಚೀಲ ಬಿಚ್ಚಬಾರದು. ಅವು ಕಸಿದುಕೊಂಡರೆ ಮರಳಿ ಕಸಿದುಕೊಳ್ಳಲೂ ಬಾರದು. ಅಡಿ ಸವೆದ ಚಪ್ಪಲಿಗಳು ಬೇಡ: ಇಳುಕಲು ಬಂಡೆಯ ಮೇಲಿನ ಸಡಿಲ ಮರಳು ರಾಗಿಯ ಕಾಳಿನಂತೆ ಕಾಲಕೆಳಗೆ ಉರುಳುತ್ತದೆ.

ಮನೆಯವರಿಗೆ ಬರೆಯುವ ಪತ್ರದಲ್ಲಿ ನಾನು ಈಗ ಸ್ಥಳಗಳ ವರ್ಣನೆಯನ್ನು ಬಿಟ್ಟುಬಿಟ್ಟಿದ್ದೇನೆ. ದಿನಕ್ಕೊಂದು ಸಾಲು: ಯಾವ ದಾರಿ, ಯಾರು ದಾರಿ ತೋರಿಸುವವರು, ಮರಳುವ ಗಂಟೆ ಎಷ್ಟು, ಊರು ಮುಟ್ಟುವ ಗಂಟೆ ಎಷ್ಟು, ಆ ಗಂಟೆ ಮೀರಿದರೆ ಯಾರನ್ನು ಕೇಳಬೇಕು. ಅದರ ಒಂದು ಪ್ರತಿ ಮನೆಗೆ, ಒಂದು ಶಾಲೆಗೆ, ಒಂದು ಬೀಡಿನ ಯಜಮಾನರಿಗೆ. ಮೂರನೆಯ ವರುಷ ಅನುಮತಿ ದೊರೆತದ್ದು ಈ ಪತ್ರದಿಂದಲೇ. ಒಬ್ಬ ತಂದೆಯವರು ಆ ಕಾಗದವನ್ನು ಎರಡು ಸಲ ಓದಿ, ಊರು ಮುಟ್ಟುವ ಗಂಟೆಯ ಕೆಳಗೆ ಮಸಿಯಿಂದ ಗೆರೆ ಎಳೆದು, ಏನೂ ಮಾತಾಡದೆ ಸಹಿ ಮಾಡಿಕೊಟ್ಟರು.

ಆ ವರುಷ ಕಟ್ಟಿಗೆಯ ಆ ಹೆಣ್ಣುಮಗಳನ್ನೇ ಹುಡುಕಿ ಜೊತೆಗೆ ಕರೆದುಕೊಂಡೆವು. ಸಿಡಿಲಪಡಿಯಲ್ಲಿ ಗಡಿಯಾರ ಹಿಡಿದ ಹುಡುಗಿಯು ಎರಡು ಗಂಟೆಗೆ ಎದ್ದು ನಿಂತಳು. ಹಾಡು ಅರ್ಧಕ್ಕೆ ನಿಂತಿತು. ಮೂರೂವರೆಗೆ ಮೇಲ್ಬಯಲಿನ ಅಂಚಿಗೆ ಬಂದೆವು. ಕೆರೆಯ ನೀರಿನಲ್ಲಿ ಬಿಸಿಲು ಹೊಳೆಯುತ್ತಿತ್ತು, ಊರಿನಲ್ಲಿ ಇನ್ನೂ ಯಾವ ದೀಪವೂ ಹತ್ತಿರಲಿಲ್ಲ. ಇಳಿಯುವ ಕಿಂಡಿ ಎಲ್ಲಿದೆಯೆಂದು ನಾನು ಕೇಳುವ ಮೊದಲೇ ಹಿಂದಿನ ಸಾಲಿನ ನಾಲ್ಕಾರು ಕೈಗಳು ಆನೆತಲೆಯ ಗುಂಡಿನ ಎಡಕ್ಕೆ ಚಾಚಿದ್ದವು.